ಧಾರೆ ಇಲ್ಲಮ್ಮ, ಊಟ ಇದೆ

ನಮ್ಮ ವಿಡಿಯೋ ಅಂಕಲ್ ತೀರಿಕೊಂಡದ್ದು ಆಷಾಢದಲ್ಲಿ. ಬದುಕಿಡೀ ಮುಹೂರ್ತ ನೋಡಿಕೊಂಡೇ ಓಡಾಡಿದ ಮನುಷ್ಯ, ಹೋಗುವಾಗಲೂ ಮದುವೆಗಳಿಲ್ಲದ ತಿಂಗಳು ಹುಡುಕಿಕೊಂಡರು, ಯಾರ ಬುಕಿಂಗಿಗೂ ತೊಂದರೆ ಮಾಡಲಿಲ್ಲ ಎಂದು ಹೊಸಹಳ್ಳಿಯ ಜನ ಮಾತಾಡಿಕೊಂಡರು. ಸದಾ ಕ್ಯಾಮೆರಾ ಹಿಂದೆಯೇ ಇದ್ದವರದು ಒಂದು ಫೋಟೋ ಕೂಡ ಇರುವುದಿಲ್ಲವಲ್ಲ, ಶ್ರದ್ಧಾಂಜಲಿ ಬ್ಯಾನರಿಗೆ ಏನು ಮಾಡುವುದು ಎಂದು ಕೆಲವರು ಆಗಲೇ ಕಣ್ಣೊರೆಸಿಕೊಳ್ಳಲು ಕರ್ಚೀಫು ತೆಗೆದಿದ್ದರು. ನೋಡಿದರೆ ಎಲ್ಲರ ಮೊಬೈಲಿನಲ್ಲೂ ಅವರಿದ್ದರು. ಆದರೆ ಪ್ರತಿ ಫೋಟೋದಲ್ಲೂ ಬಾಯಿ ತೆರೆದಿತ್ತು. ಯಾರಿಗೋ ಏನೋ ಆಜ್ಞೆ ಮಾಡುತ್ತಿದ್ದರು. ಕೊನೆಗೆ ತೆರೆದ ಬಾಯನ್ನೇ ಬ್ಯಾನರಿಗೆ ಹಾಕಿದೆವು. ಅದರ ಮುಂದೆ ಹಾದುಹೋಗುವ ಗಂಡಸರು ತಮಗೇ ಗೊತ್ತಿಲ್ಲದಂತೆ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಏಕೆಂದರೆ ಅವರ ಆಜ್ಞೆಗಳು ಹಾಗಿರುತ್ತಿದ್ದವು. ಮದುವೆಮನೆಯಲ್ಲಿ ಅವರಿಗೆ ಯಾರ ಹೆಸರೂ ಬೇಕಿರಲಿಲ್ಲ, ಬಟ್ಟೆಯೇ ಹೆಸರು. "ನೀಲಿ ಸೀರೆ ಅಮ್ಮಾ, ಸ್ವಲ್ಪ ನಗಿ. ಸಫಾರಿ ಅಣ್ಣಾ, ಹೊಟ್ಟೆ ಒಳಗೆ. ಚೌಕಳಿ ಪಂಚೆ ತಾತ, ಎದ್ದೇಳಿ, ಮುಹೂರ್ತ ಮುಗೀತು." ಇದನ್ನೆಲ್ಲ ಮೂಗಿನಿಂದ ಹೇಳುತ್ತಿದ್ದರು. ಛತ್ರದ ಓಲಗಕ್ಕೂ ಅವರ ಧ್ವನಿಗೂ ಒಂದೇ ಶ್ರುತಿ.

ನಾನು ಮಿಮಿಕ್ರಿ ಮಾಡುವವನು. ಆರತಕ್ಷತೆಗಳಲ್ಲಿ ಆರ್ಕೆಸ್ಟ್ರಾದವರು ಬಾದಾಮಿ ಹಾಲು ಕುಡಿಯಲು ಹೋದಾಗ ನನಗೆ ಮೈಕು ಕೊಡುತ್ತಾರೆ. ಕುಕ್ಕರ್ ಸೀಟಿ, ಸ್ಟಾರ್ಟ್ ಆಗದ ಆಟೋ, ಮೆಟ್ರೋ ಬಾಗಿಲು, ಸೊಪ್ಪಿನ ಅಜ್ಜಿ, ಎಲ್ಲ ನನ್ನ ಗಂಟಲಲ್ಲಿ ಬಾಡಿಗೆಗಿವೆ. ಉಳಿದ ಹೊತ್ತು ವಿಜಯನಗರದ ಮನೆಗಳಿಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುತ್ತೇನೆ. ಎರಡೂ ಕೆಲಸದ ಕೊನೆಗೆ ಜನ ಕೇಳುವ ಪ್ರಶ್ನೆ ಮಾತ್ರ ಒಂದೇ: "ಅಷ್ಟೇನಾ?"

ಒಂದು ಆರತಕ್ಷತೆಯಲ್ಲಿ ಅಂಕಲ್ ಎದುರೇ ಅಂಕಲ್‌ರನ್ನು ಅನುಕರಿಸಿದೆ. ಛತ್ರವೆಲ್ಲ ನಕ್ಕಿತು. ಅವರು ಕ್ಯಾಮೆರಾ ಇಳಿಸದೆ ವೇದಿಕೆಯ ಹತ್ತಿರ ಬಂದು, "ಮಗಾ, ಮೂಗು ಜಾಸ್ತಿ ಆಯ್ತು. ನಾನು ಮನುಷ್ಯ ಕಣೋ, ಸೈನಸ್ ಅಲ್ಲ" ಎಂದರು. ಮರುದಿನ ಮನೆಗೆ ಕರೆಸಿ, ನಾನು ಕಾರ್ಯಕ್ರಮ ಕೊಡುವಾಗ ತೆಗೆದ ಪ್ರೇಕ್ಷಕರ ವಿಡಿಯೋ ತೋರಿಸಿದರು. ಕುಕ್ಕರ್ ಸೀಟಿಯ ಭಾಗಕ್ಕೆ ಒಬ್ಬರು ಆಕಳಿಸುತ್ತಿದ್ದರು. ಒಬ್ಬಾಕೆ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿ ಅಲ್ಲಾಡಿಸಿ ನೋಡುತ್ತಿದ್ದರು. ಮೆಟ್ರೋ ಬಾಗಿಲಿಗೆ ಒಂದು ಮಗು ಅಳಲು ಶುರುಮಾಡಿತು. "ಕಲಾವಿದ ಆದೋನು ಇದನ್ನ ನೋಡ್ಬೇಕು" ಎಂದರು ಅಂಕಲ್. ನೋಡಿದೆ. ಎರಡು ವಾರ ಮಿಮಿಕ್ರಿ ಬಿಟ್ಟು ಬರೀ ಕಂಪ್ಯೂಟರ್ ರಿಪೇರಿ ಮಾಡಿದೆ.

ಹಾಗೆ ಕೂತವರನ್ನು ತೆಗೆಯುವುದೇ ಅವರ ಚಟ. ಮಂಟಪದ ಮುಂದೆ ಇನ್ನೊಬ್ಬ ಕ್ಯಾಮೆರಾದವನನ್ನು ನಿಲ್ಲಿಸಿ, ತಾವು ಕುರ್ಚಿಗಳ ಸಾಲು, ಊಟದ ಹಾಲು, ಕೈ ತೊಳೆಯುವ ಜಾಗ, ಉಗ್ರಾಣ ಸುತ್ತುತ್ತಿದ್ದರು. "ಎಲ್ಲಾರೂ ಒಂದೇ ಕಡೆ ನೋಡ್ತಿರ್ತಾರಲ್ಲ, ಆವಾಗ ನಾವು ಅವರನ್ನ ನೋಡ್ಬೇಕು" ಎನ್ನುತ್ತಿದ್ದರು. ಬಾಯಿಗೆ ಹೋಳಿಗೆ ಇಡುವ ಹೊತ್ತಿಗೆ ಸರಿಯಾಗಿ ಮುಖಕ್ಕೆ ಲೈಟು ಬೀಳುತ್ತಿತ್ತು. ಒಬ್ಬರು ಎಲೆ ಮುಂದಿನಿಂದ ಎದ್ದೇ ಬಿಟ್ಟಿದ್ದರು.

"ಏನ್ರೀ ಇದು, ತಿನ್ನೋದನ್ನೆಲ್ಲ ಯಾಕ್ರೀ ತೆಗೀತೀರ?"

"ಸಾರ್, ಸ್ಟೇಜ್ ಮೇಲಿರೋದು ಗಿಫ್ಟ್ ಕೊಡೋ ಮುಖ. ಅದು ಎಲ್ಲಾರ್ದೂ ಒಂದೇ ಥರ. ಇಲ್ಲಿರೋದೇ ನಿಮ್ಮ ಮುಖ. ಕೂತ್ಕೊಳ್ಳಿ, ಪಾಯಸ ಬರ್ತಿದೆ."

ಈ ಚಟದ ಬೆಲೆ ಸಾವಿನ ಮನೆಗಳಿಗೆ ಗೊತ್ತಿತ್ತು. ಹೊಸಹಳ್ಳಿ, ವಿಜಯನಗರದಲ್ಲಿ ಯಾರಾದರೂ ಹಿರಿಯರು ಹೋದರೆ, ಬ್ಯಾನರಿಗೆ ಕೊಡಲು ಮನೆಯಲ್ಲಿ ಆಧಾರ್ ಫೋಟೋ ಬಿಟ್ಟು ಬೇರೆ ಇರುವುದಿಲ್ಲ. ಆಧಾರ್ ಫೋಟೋದಲ್ಲಿ ಎಂಥ ಸಜ್ಜನರೂ ಈಗಷ್ಟೇ ಠಾಣೆಗೆ ಕರೆತಂದವರ ಹಾಗೆ ಕಾಣುತ್ತಾರೆ. ಆಗ ಅಂಕಲ್‌ಗೆ ಫೋನು: "ಅಂಕಲ್, ನಮ್ಮ ಮಾವ ನಗ್ತಿರೋದು ಒಂದು ಸಿಗುತ್ತಾ?" ಸಿಗುತ್ತಿತ್ತು. ಯಾರದೋ ಮದುವೆಯ ಎರಡನೇ ಪಂಕ್ತಿಯಲ್ಲಿ, ಪಕ್ಕದವರ ಮಾತಿಗೆ ನಗುತ್ತ ಕೂತಿರುತ್ತಿದ್ದರು ಮಾವ. ಎಲೆಯನ್ನು ಕತ್ತರಿಸಿ, ಮುಖ ಮಾತ್ರ ಉಳಿಸಿ ಕೊಡುತ್ತಿದ್ದರು. ಒಮ್ಮೆ ಸರಿಯಾಗಿ ಕತ್ತರಿಸದೆ, ದೊಡ್ಡ ಬ್ಯಾನರಿನ ಮೂಲೆಯಲ್ಲಿ ದಿವಂಗತರ ಎರಡು ಬೆರಳೂ ಅರ್ಧ ಬೋಂಡವೂ ಉಳಿದುಬಿಟ್ಟಿದ್ದವು. ಮನೆಯವರು ಬೇಸರಪಡಲಿಲ್ಲ. "ಅವರಿಗೆ ಇಷ್ಟ ಇತ್ತು" ಎಂದರಂತೆ.

ಬೇರೆ ವಿಡಿಯೋದವರು ಆಲ್ಬಮ್ಮು ಕೊಟ್ಟ ಮೇಲೆ ಎಲ್ಲ ಅಳಿಸಿ ಮುಂದಿನ ಮದುವೆಗೆ ಹೋಗುತ್ತಾರೆ. ಇವರು ಒಂದನ್ನೂ ಅಳಿಸಲಿಲ್ಲ. ಸ್ಟುಡಿಯೋ ಮುಚ್ಚಿದ ಮೇಲೆ ಹಾರ್ಡ್ ಡಿಸ್ಕುಗಳೆಲ್ಲ ಮನೆಗೆ ಬಂದು, ಆಂಟಿ ಚಕ್ಕುಲಿ ಕೋಡುಬಳೆ ಹಾಕಿಡುವ ತಗಡಿನ ಡಬ್ಬಗಳಲ್ಲಿ ಕೂತವು. ಪ್ರತಿ ಡಿಸ್ಕಿಗೂ ಮದುವೆಗಳಲ್ಲಿ ತಾಂಬೂಲದ ಜೊತೆ ಬಂದ ರವಿಕೆ ಕಣ ಸುತ್ತಿರುತ್ತಿದ್ದರು. ಗುರುತು ಕೂಡ ಊಟದ ಮೇಲೆಯೇ. "ಕೆಂಪು ಕಣ ತೆಗಿ ಮಗಾ. ಅದರಲ್ಲಿ ಬಿಸಿಬೇಳೆಬಾತ್ ಉಪ್ಪಾಗಿದ್ದ ಮದುವೆ ಇದೆ. ಅದರ ಪಕ್ಕದ್ದು ಐಸ್‌ಕ್ರೀಂ ಸಾಲದೇ ಜಗಳ ಆಗಿದ್ದು." ಗಂಡು ಹೆಣ್ಣಿನ ಹೆಸರು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಿದ್ದರು.

ಹೀಗಿರುವಾಗ ಹಸಿರು ಕಣದ ಡಿಸ್ಕು ಒಂದು ದಿನ ಟಿಕ್ ಟಿಕ್ ಎನ್ನತೊಡಗಿತು. ನಾನು ಕಿವಿಗಿಟ್ಟು ಕೇಳಿ, "ಅಂಕಲ್, ಇದು ಹೊರಟಿದೆ" ಎಂದೆ. ಸಂಜೆಯೊಳಗೆ ನಿಂತೇ ಹೋಯಿತು. ಅದೇ ವಾರ ಪಕ್ಕದ ಬೀದಿಯ ಒಬ್ಬ ಹೆಂಗಸು ತಾಯಿಯ ಫೋಟೋಗೆ ಬಂದರು. ಆ ತಾಯಿ ಇದ್ದದ್ದು ಹಸಿರು ಕಣದಲ್ಲಿ ಮಾತ್ರ. ಅಂಕಲ್ ಗೇಟಿನವರೆಗೂ ಅವರ ಜೊತೆ ಹೋಗಿ ಏನೋ ಹೇಳಿ ವಾಪಸ್ ಬಂದರು. ಬ್ಯಾನರಿನಲ್ಲಿ ಆಧಾರ್ ಫೋಟೋ ಬಂತು. ಆ ಬೀದಿಯಲ್ಲಿ ಬ್ಯಾನರ್ ಇರುವಷ್ಟು ದಿನ ಅಂಕಲ್ ಹಾಲು ತರಲು ಬೇರೆ ದಾರಿಯಲ್ಲಿ ಸುತ್ತಿಕೊಂಡು ಹೋದರು.

ಆಮೇಲೆ ಕೊನೆಯ ಕ್ಯಾಮೆರಾ ಮಾರಿದರು. ಒಂದು ಬೆಳಿಗ್ಗೆ ಫೋನು ಬಂತು. "ಮಗಾ, ಡಬ್ಬ ಬಂದಿದೆ. ಬಾ."

ಕಪ್ಪು ಡಬ್ಬ, ಇಡ್ಲಿ ಕುಕ್ಕರಿಗಿಂತ ಚಿಕ್ಕದು. ಮುಂದುಗಡೆ ಎರಡು ಬಾಗಿಲು, ಒಂದೊಂದರ ಹಿಂದೆ ಒಂದೊಂದು ಹಾರ್ಡ್ ಡಿಸ್ಕ್ ಕೂರಿಸುವ ತಟ್ಟೆ. ಮನೆಯ ವೈಫೈ ಪೆಟ್ಟಿಗೆಗೆ ತಂತಿ ಸಿಕ್ಕಿಸಿ ಮೂಲೆಯಲ್ಲಿಟ್ಟರೆ, ಒಳಗಿರುವುದನ್ನು ಟಿವಿಯಲ್ಲೋ ಮೊಬೈಲಲ್ಲೋ ನೋಡಬಹುದು. ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿನಿಂದ ಡಬ್ಬವನ್ನೂ ಎರಡು ಹೊಸ ಡಿಸ್ಕುಗಳನ್ನೂ ತಾವೇ ಹೊತ್ತು ತಂದಿದ್ದರು. ನಾನು ಹೋಗುವಷ್ಟರಲ್ಲಿ ಕೆಲಸ ಶುರುವೂ ಆಗಿತ್ತು. ಮದುವೆಗಳಿರುವುದು ಹಳೆ ಡಿಸ್ಕಿನಲ್ಲಿ ತಾನೇ ಎಂದು ಕೆಂಪು ಕಣ ಬಿಚ್ಚಿ, ಆ ಹಳೆಯ ಡಿಸ್ಕನ್ನೇ ಡಬ್ಬಕ್ಕೆ ತಳ್ಳಿದ್ದರು. ಕಂಪ್ಯೂಟರಿನ ಪರದೆ, ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಕೇಳುತ್ತಿತ್ತು. ಅಂಕಲ್ ಬೆರಳು ಮೌಸಿನ ಮೇಲಿತ್ತು. ನಾನು ಚಪ್ಪಲಿ ಬಿಡದೆ ಓಡಿ ಅವರ ಮುಂಗೈ ಹಿಡಿದೆ.

"ಏಯ್, ಬಿಡೋ! ಓಕೆ ಕೇಳ್ತಿದೆ."

"ಓಕೆ ಕೇಳ್ತಿಲ್ಲ ಅಂಕಲ್, ಕೊಲೆ ಮಾಡೋಕೆ ಪರ್ಮಿಷನ್ ಕೇಳ್ತಿದೆ!"

ಹೊಸ ಡಿಸ್ಕುಗಳನ್ನು ಒಳಗೆ ಹಾಕಿ, ಅವನ್ನು ಒಮ್ಮೆ ಪೂರ್ತಿ ಅಳಿಸಿ ಸಜ್ಜುಮಾಡಿ, ಆಮೇಲೆ ಹಳೆಯದರಿಂದ ಒಂದೊಂದೇ ಮದುವೆ ನಕಲು ಮಾಡಿಕೊಳ್ಳಬೇಕು ಎಂದು ವಿವರಿಸಿದೆ. ಅಂಕಲ್ ಬೆವರೊರೆಸಿಕೊಂಡು, ಇದೆಲ್ಲ ತಮಗೆ ಮೊದಲೇ ಗೊತ್ತಿತ್ತು, ನನ್ನನ್ನು ಪರೀಕ್ಷೆ ಮಾಡುತ್ತಿದ್ದುದಾಗಿ ಹೇಳಿದರು. ಹೊಸ ಡಿಸ್ಕುಗಳನ್ನು ತಟ್ಟೆಗೆ ಹಾಕಿ ಸ್ಕ್ರೂ ಬಿಗಿದೆ. ಅಷ್ಟರಲ್ಲಿ ಆಂಟಿ ಕುಂಕುಮದ ಬಟ್ಟಲು ಹಿಡಿದು ಬಂದು ಎರಡಕ್ಕೂ ಒಂದೊಂದು ಬೊಟ್ಟಿಟ್ಟರು. ಡಿಸ್ಕಿನ ಬೆನ್ನ ಮೇಲೆ ಒಂದು ಸಣ್ಣ ತೂತಿರುತ್ತದೆ, ಇದನ್ನು ಮುಚ್ಚಬೇಡಿ ಎಂದು ಪಕ್ಕದಲ್ಲೇ ಬರೆದಿರುತ್ತದೆ. ಆಂಟಿಯ ಬೊಟ್ಟು ಅದರ ಮೇಲೆಯೇ ಕೂತಿತ್ತು.

"ಆಂಟಿ, ಅದು ಅದರ ಉಸಿರಾಡೋ ತೂತು!"

"ಮತ್ತೆ ಹಣೆ ಎಲ್ಲಿ? ತೋರ್ಸು."

ತಟ್ಟೆಯ ಹೊರಬಾಗಿಲನ್ನೇ ಹಣೆ ಎಂದು ತೋರಿಸಿ, ತೂತಿನದನ್ನು ಒರೆಸಿ, ಡಿಸ್ಕುಗಳನ್ನು ಒಳಗೆ ತಳ್ಳಿದೆ. ಆಗ ಪರದೆಯ ಮೇಲೆ ನಿಜವಾದ ಪ್ರಶ್ನೆ ಬಂತು: ಎರಡನ್ನೂ ಸೇರಿಸಿ ಒಂದು ದೊಡ್ಡ ಡಿಸ್ಕ್ ಮಾಡಲೋ, ಒಂದರಲ್ಲಿ ಬರೆದದ್ದನ್ನೇ ಇನ್ನೊಂದರಲ್ಲೂ ಬರೆಯಲೋ?

"ಸೇರಿಸಿದ್ರೆ ಎಲ್ಲಾ ಮದುವೇನೂ ಹಿಡಿಯುತ್ತೆ ಅಂಕಲ್. ಆದ್ರೆ ಒಂದು ಕೆಟ್ರೆ ಎರಡೂ ಹೋದಂಗೆ."

"ಗಂಡ ಹೆಂಡ್ತಿ ಥರ."

"ಎರಡನೇದು ಮಾಡಿದ್ರೆ, ಒಂದು ಕೆಟ್ರೂ ಇನ್ನೊಂದರಲ್ಲಿ ಇದ್ದೇ ಇರುತ್ತೆ. ಆದ್ರೆ ಜಾಗ ಅರ್ಧ. ಬರೆದಿದ್ದನ್ನೇ ಬರೀತಿರುತ್ತಲ್ಲ."

"ಅದೂ ಗಂಡನ ಥರಾನೇ, ಹೇಳಿದ್ದೇ ಹೇಳೋದು" ಎಂದು ಅಡುಗೆಮನೆಯಿಂದ ಆಂಟಿ ಉತ್ತರಿಸಿದರು.

ಇನ್ನೂ ದೊಡ್ಡ ಡಿಸ್ಕ್ ತರಬಹುದಿತ್ತಲ್ಲ ಎಂದೆ. "ಕ್ಯಾಮೆರಾ ಮಾರಿದ್ದಾಯ್ತು. ಇನ್ನು ನನ್ನನ್ನೇ ಮಾರ್ಬೇಕು" ಎಂದರು ಅಂಕಲ್. "ಎಕ್ಸ್‌ಚೇಂಜಲ್ಲೂ ಯಾರೂ ತಗೊಳ್ಳಲ್ಲ" ಎಂದು ಮತ್ತೆ ಅಡುಗೆಮನೆ.

ಅಂಕಲ್ ನಗಲಿಲ್ಲ. ಟೇಬಲ್ಲಿನ ಮೇಲೆ ಸತ್ತ ಡಿಸ್ಕಿನ ಹಸಿರು ಕಣ ಮಡಿಸಿಟ್ಟಿತ್ತು. ಅದನ್ನೇ ನೋಡುತ್ತಿದ್ದರು. "ಎರಡನೇದೇ ಮಾಡು. ಇನ್ನೊಬ್ಬರ ತಾಯಿನ ನನ್ನ ಕೈಯಲ್ಲಿ ಕಳೆಯಕ್ಕಾಗಲ್ಲ" ಎಂದರು.

ಸರಿ, ಹಾಗಿದ್ದರೆ ಅರ್ಧದಷ್ಟು ಮದುವೆ ಬಿಡಬೇಕು. ಯಾವುದನ್ನು? ನಾನು ಬುದ್ಧಿವಂತನ ಹಾಗೆ ಸಲಹೆ ಕೊಟ್ಟೆ. "ಡೈವೋರ್ಸ್ ಆಗಿರೋದೆಲ್ಲ ಬಿಟ್ಬಿಡಿ ಅಂಕಲ್. ಅವ್ರಿಗೂ ಬೇಡ, ನಮಗೂ ಬೇಡ."

"ಥೂ ನಿನ್ನ. ಅವರಿಬ್ರು ಬಿಟ್ರು. ಊಟಕ್ಕೆ ಬಂದಿದ್ದೋರೆಲ್ಲ ಒಬ್ಬರನ್ನೊಬ್ಬರು ಬಿಟ್ರೇನೋ? ಆ ಬಸವೇಶ್ವರನಗರದ ಮದುವೆ ಆರು ತಿಂಗಳೂ ಬಾಳ್ಲಿಲ್ಲ. ಅದರ ಮೂರನೇ ಪಂಕ್ತಿಯಿಂದ ನಾಲ್ಕು ಜನಕ್ಕೆ ಬ್ಯಾನರ್ ಕೊಟ್ಟಿದೀನಿ ನಾನು!"

ಅಷ್ಟು ಹೇಳಿದವರು ಹಾಗೇ ನಿಂತರು, ಬಾಯಿ ತೆರೆದುಕೊಂಡೇ. ಅವರು ಯೋಚನೆ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು, ಸ್ವಲ್ಪ ಭಯವಾಯಿತು. ಕೊನೆಗೆ ನಿಧಾನವಾಗಿ ಕೇಳಿದರು. "ಮಗಾ, ಪ್ರತಿ ಮದುವೇಲೂ ಧಾರೆ ಬೇರೆ ಫೋಲ್ಡರ್, ಆರತಕ್ಷತೆ ಬೇರೆ, ಊಟ-ಕುರ್ಚಿ ಬೇರೆ ತಾನೇ? ಧಾರೆ, ಆರತಕ್ಷತೆ ಎಲ್ಲಾರ ಮನೇಲೂ ಇದೆ. ಆಲ್ಬಂ ಇದೆ, ಡಿವಿಡಿ ಇದೆ. ಊಟದ ಹಾಲು ಯಾರ ಮನೇಲಿದೆ?"

"ಯಾರ ಮನೇಲೂ ಇಲ್ಲ."

"ಹಂಗಾದ್ರೆ ಗಂಡು ಹೆಣ್ಣನ್ನ ಬಿಡು. ಮಿಕ್ಕಿದ್ದೋರನ್ನ ಹಾಕು."

ಪ್ರಪಂಚದಲ್ಲಿ ಮದುವೆಯ ವಿಡಿಯೋದಿಂದ ಮದುವೆಯನ್ನೇ ತೆಗೆದು ಉಳಿದದ್ದನ್ನು ಕಾಪಾಡಿದವರು ಇವರೊಬ್ಬರೇ ಇರಬೇಕು. ಆಂಟಿಗೆ ಇದು ಸರಿಬರಲಿಲ್ಲ. "ನಾಳೆ ಆ ಹೆಣ್ಮಕ್ಕಳು ಬಂದು ಕೇಳಿದ್ರೆ ಏನು ಹೇಳ್ತೀರಾ?" ಎಂದರು. ಅದಕ್ಕೆ ಅಂಕಲ್ ತಮ್ಮ ಬಳಿಯಿದ್ದ ನಂಬರುಗಳಿಗೆಲ್ಲ ವಾಟ್ಸಾಪ್ ಕಳಿಸಿದರು: ಹಳೆ ಡಿಸ್ಕುಗಳು ಕೆಡುತ್ತಿವೆ, ನಿಮ್ಮ ಧಾರೆ ಬೇಕಿದ್ದರೆ ಬೇಗ ಬಂದು ತಗೊಂಡು ಹೋಗಿ. ಹೆಚ್ಚಿನವರು ಕೈಮುಗಿದ ಚಿತ್ರ ಕಳಿಸಿದರು. ಕೆಲವರು, ನಮ್ಮ ಹತ್ತಿರ ಇದೆ ಅಂಕಲ್, ಥ್ಯಾಂಕ್ಸ್ ಎಂದರು. ಒಬ್ಬನಂತೂ, ಒಂದ್ಸಲ ಆಗಿದ್ದೇ ಸಾಕು ಎಂದ.

ನಕಲು ಮಾಡುವ ಕೆಲಸ ಶ್ರಾವಣ ದಾಟಿತು. ದಿನಾ ಹೋಗಿ ಒಂದೊಂದು ಕಣ ಬಿಚ್ಚುತ್ತಿದ್ದೆ. ನಡುವೆ ಒಮ್ಮೆ ಜಂಬಕ್ಕೆ, "ನೋಡಿ ಅಂಕಲ್, ಒಂದು ಡಿಸ್ಕ್ ಕಿತ್ರೂ ಏನೂ ಆಗಲ್ಲ" ಎಂದು ಚಾಲೂ ಇರುವಾಗಲೇ ಒಂದು ತಟ್ಟೆ ಹೊರಗೆಳೆದೆ. ಡಬ್ಬ ಬೀಪ್ ಬೀಪ್ ಎಂದು ಕೂಗತೊಡಗಿತು. ಅಂಕಲ್ ಅದಕ್ಕಿಂತ ಜೋರಾಗಿ ಕೂಗಿದರು. ಆಂಟಿ ನೀರಿನ ಟ್ಯಾಂಕ್ ತುಂಬಿತೆಂದು ಓಡಿಹೋಗಿ ಮೋಟಾರ್ ಆಫ್ ಮಾಡಿದರು. ವಿಡಿಯೋಗಳಿಗೆ ಏನೂ ಆಗಿರಲಿಲ್ಲ. ಆದರೆ ಡಿಸ್ಕನ್ನು ಮತ್ತೆ ಒಳಗಿಟ್ಟ ಮೇಲೆ ಡಬ್ಬ ಎಲ್ಲವನ್ನೂ ಮೊದಲಿನಿಂದ ಬರೆದುಕೊಳ್ಳಲು ಮರುದಿನದವರೆಗೂ ತಗೊಂಡಿತು. ಅಷ್ಟು ಹೊತ್ತೂ ಅಂಕಲ್ ಬಾಣಂತಿಯ ಕೋಣೆ ಕಾಯುವವರ ಹಾಗೆ ಪಕ್ಕದಲ್ಲೇ ಕೂತು, ನನ್ನ ಕಡೆ ನೋಡಿ ಹಲ್ಲು ಕಡಿದರು. ಕೆಲಸ ಮುಗಿದ ಮೇಲೆ ಹಳೆ ಡಿಸ್ಕುಗಳೂ ಒಂದೊಂದಾಗಿ ಟಿಕ್ ಟಿಕ್ ಎಂದು ನಿಂತವು. ಆಂಟಿಗೆ ಚಕ್ಕುಲಿ ಡಬ್ಬ ವಾಪಸ್ ಸಿಕ್ಕಿತು.

ಆಂಟಿ ಹೆದರಿದ್ದ ಹೆಣ್ಣುಮಗಳು ಮುಂದಿನ ವರ್ಷ ಬಂದೇಬಿಟ್ಟರು. ನಾಯಂಡಹಳ್ಳಿಯವರು, ಹತ್ತನೇ ತರಗತಿ ಓದುವ ಮಗಳಿದ್ದಾಳಂತೆ, ಅಪ್ಪ ಅಮ್ಮನ ಮದುವೆ ನೋಡಬೇಕೆಂದು ಹಟ ಹಿಡಿದಿದ್ದಾಳಂತೆ. ಡಿವಿಡಿ ತೆಗೆದರೆ ಬೂಷ್ಟು ಹಿಡಿದಿದೆ. ನಂಬರ್ ಬದಲಾಗಿದ್ದರಿಂದ ಅಂಕಲ್‌ರ ವಾಟ್ಸಾಪ್ ಅವರಿಗೆ ಸಿಕ್ಕಿರಲಿಲ್ಲ. ನಾನು ಆ ದಿನ ಪ್ರಿಂಟರ್ ನೋಡಲು ಅಲ್ಲೇ ಇದ್ದೆ. ಅಂಕಲ್ ಎದ್ದು ನಿಂತು ಹೇಳಿದರು:

"ಧಾರೆ ಇಲ್ಲಮ್ಮ, ಊಟ ಇದೆ."

"ಊಟ ಆಯ್ತು ಅಂಕಲ್. ಮದುವೆ ವಿಡಿಯೋ ಕೊಡಿ."

ಅಂಕಲ್ ಎಲ್ಲವನ್ನೂ ಬಿಡಿಸಿ ಹೇಳಿದರು. ಆಕೆಯ ಮುಖ ಕೆಂಪಗಾಯಿತು. "ಅಂದ್ರೆ ನನ್ನ ಮದುವೇಲಿ ನಾನೇ ಇಲ್ವಾ?"

"ಇದೀಯಮ್ಮ. ಐಸ್‌ಕ್ರೀಂ ಹತ್ರ ಒಂದ್ಸಲ ಬಂದ್ ಹೋಗ್ತೀಯ."

"ಇದೇನು ಅಡುಗೆ ಭಟ್ಟರ ಮದುವೇನಾ ಅಂಕಲ್? ಯಾರನ್ನ ಕೇಳಿ ಅಳಿಸಿದ್ರಿ? ಮಗಳಿಗೆ ಏನಂತ ಹೇಳ್ಲಿ? ನಿಮ್ಮನ್ನ ನಂಬಿದ್ವಲ್ಲ ನಾವು!"

ಅಂಕಲ್‌ರನ್ನು ಯಾರಾದರೂ ಬೈದರೆ ತಿರುಗಿ ಎರಡು ಮಾತು ಬರುತ್ತಿತ್ತು. ಆ ದಿನ ರಿಮೋಟು ತೆಗೆದುಕೊಂಡು ಟಿವಿ ಹಾಕಿದರು. ಆಂಟಿ ಕಾಫಿ ತಂದಿಟ್ಟು, "ಬಂದಿದ್ದೀಯ, ಇರೋದನ್ನಾದ್ರೂ ನೋಡ್ಕೊಂಡು ಹೋಗಮ್ಮ. ಆಮೇಲೆ ನಾನೂ ಸೇರ್ಕೊಂಡು ಬೈತೀನಿ" ಎಂದರು. ಆಕೆ ಸೋಫಾದ ತುದಿಯಲ್ಲಿ ಕೂತರು.

ಟಿವಿಯಲ್ಲಿ ಬೆಳಗಿನ ತಿಂಡಿ ಹೊತ್ತಿನ ಊಟದ ಹಾಲು ಮೂಡಿತು. ಇಡ್ಲಿ, ಕೇಸರಿಬಾತು, ಯಾರ್‍ಯಾರೋ ಹೆಂಗಸರು. ಕ್ಯಾಮೆರಾ ಕಂಬದ ಹಿಂದಕ್ಕೆ ತಿರುಗಿತು. ಅಲ್ಲಿ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು ಒಬ್ಬ ಯುವಕ ವಡೆ ತಿನ್ನುತ್ತಿದ್ದ. ಕ್ಯಾಮೆರಾ ಕಂಡು ಎಲೆಯ ಮೇಲೆ ಪೇಟ ಮುಚ್ಚಿದ.

ಆಕೆ ಎದ್ದು ನಿಂತರು. "ಅಂಕಲ್, ನಿಲ್ಸಿ ನಿಲ್ಸಿ. ಇದು ನಮ್ಮೆಜಮಾನ್ರು!" ಫೋನು ತೆಗೆದರು. "ರೀ, ಎಲ್ಲಿದೀರಾ? ಧಾರೆಗೆ ಉಪವಾಸ ಇದ್ದೆ, ಇದ್ದೆ ಅಂತ ಇಷ್ಟು ವರ್ಷ ಹೇಳ್ಕೊಂಡು ಬಂದ್ರಲ್ಲ. ವಡೆ ಯಾರು ತಿಂದಿದ್ದು? ... ಅದೆಲ್ಲ ಬೇಡ. ವಿಡಿಯೋ ಅಂಕಲ್ ಮನೆಗೆ ಬನ್ನಿ. ಈಗ್ಲೇ."

ಬೈಗುಳ ಸ್ವಲ್ಪ ಬೇರೆ ಕಡೆ ತಿರುಗಿದ್ದಕ್ಕೆ ಅಂಕಲ್ ಉಸಿರು ಬಿಟ್ಟು, ಮುಂದಕ್ಕೆ ಓಡಿಸಿದರು. ಊಟದ ಹಾಲು ಖಾಲಿ. ಎಲ್ಲರೂ ಮಂಟಪದ ಕಡೆ ಹೋಗಿದ್ದಾರೆ. ಕ್ಯಾಮೆರಾ ಖಾಲಿ ಬೆಂಚುಗಳನ್ನು ದಾಟಿ ಉಗ್ರಾಣದ ಬಾಗಿಲಿಗೆ ಬಂತು. ಬಾಗಿಲಲ್ಲಿ ಬೂದು ಸೀರೆಯ ಹೆಂಗಸೊಬ್ಬರು, ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡು ತಾಂಬೂಲದ ಚೀಲಗಳಿಗೆ ತೆಂಗಿನಕಾಯಿ ಹಾಕುತ್ತಿದ್ದರು. ಕ್ಯಾಮೆರಾ ಹಿಂದಿನಿಂದ ಮೂಗಿನ ಧ್ವನಿ: "ಬೂದು ಸೀರೆ ಅಮ್ಮಾ, ಒಂದ್ಸಲ ಈ ಕಡೆ."

"ನನ್ನ ಯಾಕಪ್ಪ ತೆಗೀತೀಯ? ಅಲ್ಲಿ ಹೋಗಿ ಮಂಟಪದಲ್ಲಿ ತೆಗಿ, ಹೋಗು" ಎಂದು ಸೆರಗು ಅಡ್ಡ ಹಿಡಿದರು, ಆದರೆ ನಗುತ್ತಿದ್ದರು.

ಸೋಫಾದ ತುದಿಯಿಂದ "ಅಮ್ಮ" ಎಂಬ ಸದ್ದು ಬಂತು.

ಟಿವಿಯಲ್ಲಿ ದೂರದಿಂದ ಗಟ್ಟಿಮೇಳ ಶುರುವಾಯಿತು. ತಾಳಿ ಕಟ್ಟುವ ಹೊತ್ತು. ಬೂದು ಸೀರೆಯವರ ನಗು ನಿಂತಿತು. ಕಾಯಿ ಕೆಳಗಿಟ್ಟು ಎದ್ದರು. ಸೆರಗಿನ ತುದಿಯ ಗಂಟು ಬಿಚ್ಚಿ, ಅದರಲ್ಲಿದ್ದ ಅಕ್ಷತೆ ಕೈಗೆ ಸುರಿದುಕೊಂಡು, ವಾದ್ಯ ಕೇಳಿಸುತ್ತಿದ್ದ ಕಡೆಗೆ ಎಸೆದರು. ಆ ಕಡೆ ಇದ್ದದ್ದು ಗೋಡೆ. ಅಕ್ಕಿಕಾಳು ಗೋಡೆಗೆ ಬಡಿದು ಈರುಳ್ಳಿ ಮೂಟೆಗಳ ಮೇಲೆ ಉದುರಿದವು. ವಾದ್ಯ ನಿಲ್ಲುವವರೆಗೂ ಕೈಮುಗಿದುಕೊಂಡೇ ನಿಂತಿದ್ದರು. ಕ್ಯಾಮೆರಾ ಅಲ್ಲಾಡಲಿಲ್ಲ.

"ಅಪ್ಪ ಇಲ್ಲ ಅಂತ ಅಮ್ಮನ್ನ ಮಂಟಪದ ಹತ್ರಕ್ಕೆ ಬರೋಕೆ ಬಿಡ್ಲಿಲ್ಲ" ಎಂದರು ಆಕೆ, ಯಾರಿಗೆ ಎಂದಿಲ್ಲದೆ. "ದೊಡ್ಡಪ್ಪ ದೊಡ್ಡಮ್ಮ ಧಾರೆ ಎರೆದ್ರು. ಅಮ್ಮ ಎಲ್ಲಿ ಅಂತ ನಾನು ತಿರುಗಿ ತಿರುಗಿ ನೋಡ್ತಿದ್ದೆ. ತಲೆ ತಗ್ಸು ಅಂತ ಎಲ್ಲಾರೂ ಬೈದ್ರು. ಆಲ್ಬಮ್ಮಲ್ಲಿ ಒಂದು ಕಡೇನೂ ಇಲ್ಲ ಅಮ್ಮ." ಆಮೇಲೆ, "ಇನ್ನೊಂದ್ಸಲ ಹಾಕಿ ಅಂಕಲ್" ಎಂದರು.

ಅಂಕಲ್ ಹಿಂದಕ್ಕೆ ಓಡಿಸಿ ಮತ್ತೆ ಹಾಕಿದರು. ಆಂಟಿ ಬಾಗಿಲಿಗೆ ಒರಗಿ ನಿಂತಿದ್ದರು. ಬೈಯುವ ಮಾತು ಅವರಿಗೆ ನೆನಪಿದ್ದಂತಿರಲಿಲ್ಲ. ನಾನು ಪ್ರಿಂಟರಿನ ಮುಚ್ಚಳ ಕೈಯಲ್ಲಿ ಹಿಡಿದು ನಿಂತಿದ್ದೆ. ಗೇಟು ಕಿರ್ ಎಂದಿತು. ಹೆಲ್ಮೆಟ್ ಕೂಡ ತೆಗೆಯದೆ ಯಜಮಾನರು ಏದುಸಿರು ಬಿಡುತ್ತ ಒಳಗೆ ಬಂದರು.

"ಲೇ, ಒಂದೇ ಒಂದು ವಡೆ ಕಣೇ. ನಮ್ಮತ್ತಿಗೆ ಬಲವಂತ ಮಾಡಿ..."

ಆಕೆ ಟಿವಿಯಿಂದ ಕಣ್ಣು ತೆಗೆಯಲಿಲ್ಲ. ಅಲ್ಲಿ ಉಗ್ರಾಣದ ಬಾಗಿಲಲ್ಲಿ ಬೂದು ಸೀರೆಯವರು ಸೆರಗಿನ ಗಂಟು ಬಿಚ್ಚುತ್ತಿದ್ದರು.

"ಶ್, ಮಾತಾಡ್ಬೇಡಿ" ಎಂದರು. "ಚಪ್ಪಲಿ ಬಿಟ್ಟು ಬಂದು ಕೂತ್ಕೊಳ್ಳಿ. ಧಾರೆ ನಡೀತಿದೆ."